ಕ್ರಿಕ್ಕಿನ ಪ್ರಾಸ

ಟ್ಯಾನರ್ಸ್ ಹಾಲೋ
ಏಪ್ರಿಲ್ ೬, ೧೮೭೪, ಸೋಮವಾರ

ಮಗ ಲೂಸಿಯಸ್‌ಗೆ,

ಮಾರ್ಚ್ ಹತ್ತೊಂಬತ್ತರ ಗುರುವಾರ ಸಂಜೆ, ನಿಮ್ಮ ಆಲ್ಡನ್‌ಬರೋ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ, ಊರಿನ ದೊಡ್ಡವರೂ ಹೆಂಗಸರೂ ಪಾದ್ರಿಗಳೂ ಸೇರಿದ್ದ ಸಭೆಯಲ್ಲಿ, ಥೆರಾನ್ ಬೀಬಿಯನ್ನು ಭಾಷಣ ಮುಗಿಸಲು ಬಿಡದೆ, ನಕ್ಕು ನಕ್ಕು ವೇದಿಕೆಯಿಂದ ಇಳಿಸಲಾಯಿತು. ಅದಾದ ಮುಂದಿನ ವಾರ, ಆ ನಗೆಗೆ ಕಾರಣವಾದ ಪದ್ಯವನ್ನು ಬರೆದವನು ಎನೋಸ್ ವ್ರೂಮನ್ ಎಂದು ತೀರ್ಮಾನಿಸಿ, ಅವನನ್ನು ಒಂದು ವರ್ಷದ ಮಟ್ಟಿಗೆ ಕಾಲೇಜಿನಿಂದ ಹೊರಹಾಕಲಾಯಿತು. ಮೊದಲನೆಯದು ಅನ್ಯಾಯ ಎಂಬುದು ನನಗೆ ಖಂಡಿತ ಗೊತ್ತು. ಎರಡನೆಯದೂ ಅನ್ಯಾಯವೇ ಎಂದು ನನ್ನ ಮನಸ್ಸು ಹೇಳುತ್ತಿದೆ.

ಇದೆಲ್ಲ ನನಗೆ ತಿಳಿದದ್ದು ನಿನ್ನಿಂದಲ್ಲ. ನಿನ್ನ ಹಿಂದಿನ ಪತ್ರದಲ್ಲಿ ಹೊಸ ಕೋಟಿನ ವಿಷಯ ಎರಡು ಪುಟ ಇತ್ತು, ಈ ವಿಷಯ ಒಂದು ಸಾಲೂ ಇರಲಿಲ್ಲ. ನಿನ್ನೆ ಕತ್ರೀನಾ ವ್ರೂಮನ್ ಗುಡ್ಡ ಇಳಿದು, ಮಂಡಿಯವರೆಗೆ ಕೆಸರು ಮಾಡಿಕೊಂಡು ಬಂದಳು. ಮಗ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದಿದ್ದಾನೆ, ಊಟದ ಹೊತ್ತಿಗೂ ಬಾಯಿ ಬಿಡುವುದಿಲ್ಲ ಎಂದಳು.

"ಹೆಪ್ಸಿಬಾ, ನೀನೇ ಹೇಳು, ನನ್ನ ಮಗ ಅಂಥದ್ದು ಬರೆಯೋನೇನೇ? ಅವನಿಗೆ ನಗಿಸೋಕೆ ಬರೋದಿದ್ರೆ ಇಷ್ಟು ಹೊತ್ತಿಗೆ ಒಂದು ಹುಡುಗಿಯಾದ್ರೂ ಸಿಕ್ಕಿರ್ತಿದ್ಲು."

ಅವಳ ಮಾತು ನಿಜ. ಎನೋಸ್ ಒಳ್ಳೆಯ ಹುಡುಗ, ಆದರೆ ನಗೆ ಅವನಿಗೆ ಒಗ್ಗಿದ್ದಲ್ಲ.

ಥೆರಾನ್ ನಮ್ಮ ಮನೆಯಲ್ಲಿ ಉಂಡು ಮಲಗಿದವನು. ಕಳೆದ ಆಗಸ್ಟಿನಲ್ಲಿ ನೀನೇ ಕರೆತಂದೆ. ಹಿತ್ತಲಲ್ಲಿ ಹರಿಯುವ ಸಣ್ಣ ಹೊಳೆ, ನಮ್ಮ ಕ್ರಿಕ್‌ನ ದಂಡೆಗೆ ಹೋಗಿ ಕೂತರೆ ಊಟದ ಗಂಟೆ ಬಾರಿಸುವ ತನಕ ನೀವಿಬ್ಬರೂ ಏಳುತ್ತಿರಲಿಲ್ಲ. ಮೊದಲ ದಿನ ನನ್ನ ಮೇಜಿನ ಮುಂದೆ, ತೊದಲು ಅಡ್ಡ ಬಂದು, ಅವನಿಗೆ 'ಬೆಣ್ಣೆ' ಎನ್ನುವ ಮಾತು ಹೊರಡಲಿಲ್ಲ. ನಿಮ್ಮಪ್ಪ ಬೆಣ್ಣೆಯ ತಟ್ಟೆಯನ್ನು ಅತ್ತ ಸರಿಸಲು ಹೋದರೆ ಕೈಯೆತ್ತಿ ತಡೆದ. ಮಾತನ್ನು ಪೂರ್ತಿ ಹೇಳಿ ಮುಗಿಸಿ, ಆಮೇಲೆ ಬೆಣ್ಣೆ ತೆಗೆದುಕೊಂಡ. ಆ ದಿನ ನಿಮ್ಮಪ್ಪ ನನ್ನ ಹತ್ತಿರ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಈ ಹುಡ್ಗ ಪಾದ್ರಿ ಆಗೇ ಆಗ್ತಾನೆ ಕಣೇ. ಆಮೆನ್ ಅನ್ನೋಕೆ ಸ್ವಲ್ಪ ಹೊತ್ತು ಹಿಡೀಬಹುದು, ಆದ್ರೆ ಅಂದೇ ಅಂತಾನೆ."

ಕಾಲೇಜಿನವರ ತಮಾಷೆ ನನಗೆ ಹೊಸದಲ್ಲ. ಮದುವೆಗೆ ಮುಂಚೆ ಆ ಊರಿನಲ್ಲಿ ಶಾಲೆ ಕಲಿಸುತ್ತಿದ್ದೆ ಎಂಬುದು ನಿನಗೆ ನೆನಪಿರಲಿ. ರೇಖಾಗಣಿತವನ್ನು ಶವಪೆಟ್ಟಿಗೆಯಲ್ಲಿಟ್ಟು, ಅಳುತ್ತಾ ಮೆರವಣಿಗೆ ಮಾಡಿ ಹೂಳಿದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಗಂಟೆಯ ಗೋಪುರಕ್ಕೆ ಹಸುವನ್ನು ಹತ್ತಿಸಿದರು. ಹತ್ತಿದ ಹಸು ಇಳಿಯಲೊಲ್ಲದೆ ಪ್ರಾರ್ಥನೆಯ ನಡುವೆ ಅಂಬಾ ಎಂದಿತು. ಹಸುವನ್ನು ಕಂಡು ನಾನೂ ನಕ್ಕಿದ್ದೆ. ಆದರೆ ಹಸುವಿಗೆ, ತನ್ನನ್ನು ನೋಡಿ ಊರೇ ನಗುತ್ತಿದೆ ಎಂದು ತಿಳಿಯುವುದಿಲ್ಲ. ಥೆರಾನ್‌ಗೆ ತಿಳಿಯುತ್ತದೆ.

ನಡೆದದ್ದನ್ನು ನಡೆದ ಹಾಗೆ ಬರೆ. ಎನೋಸ್‌ನ ಪರವಾಗಿ ನೀನು ಏನು ಹೇಳಿದೆ ಎಂಬುದನ್ನೂ ಬರೆ.

ನಿನ್ನ ತಾಯಿ,
ಹೆಪ್ಸಿಬಾ ಪೆಟಿಬೋನ್

*

ಆಲ್ಡನ್‌ಬರೋ ಕಾಲೇಜು
ಏಪ್ರಿಲ್ ೧೪

ಪ್ರೀತಿಯ ಅಮ್ಮ,

ನಿನ್ನ ಪತ್ರ ಓದಿ, ನಾನು ಕಾಲೇಜಿನಲ್ಲಿದ್ದೇನೋ ಕಟಕಟೆಯಲ್ಲಿದ್ದೇನೋ ಎಂದು ಒಮ್ಮೆ ಸುತ್ತ ನೋಡಿಕೊಂಡೆ. ಕಾಲೇಜೇ. ಬೆಳಗಿನ ಪ್ರಾರ್ಥನೆಗೆ ಕತ್ತಲಲ್ಲೇ ಗಂಟೆ ಹೊಡೆಯುತ್ತದೆ, ಅರ್ಧ ಜನ ಅಂಗಿಯ ಮೇಲೆ ಬರೇ ದೊಡ್ಡ ಕೋಟು ಹಾಕಿಕೊಂಡು ದೇವರ ಎದುರು ನಿಲ್ಲುತ್ತೇವೆ. ನಮ್ಮ ಊಟದ ಕ್ಲಬ್ಬಿನಲ್ಲಿ ಸೋಮವಾರದ ಮಾಂಸ ದಿನಕ್ಕೊಂದು ವೇಷ ಹಾಕಿಕೊಂಡು ಶನಿವಾರದವರೆಗೂ ಬರುತ್ತದೆ. ಶನಿವಾರ ಅದಕ್ಕೆ 'ಅಜ್ಜ' ಎಂದು ಹೆಸರಿಟ್ಟು, ಎದ್ದುನಿಂತು ಗೌರವ ತೋರಿಸಿ ತಿನ್ನುತ್ತೇವೆ.

ನೀನು ಕೇಳಿದ ವಿಷಯ. ಮೂರನೆಯ ವರ್ಷದವರ ಭಾಷಣಗಳ ಸಂಜೆಗೆ ಕಾಲೇಜು ಒಂದು ಕಾರ್ಯಕ್ರಮ ಪಟ್ಟಿಯನ್ನು ಅಚ್ಚು ಹಾಕಿಸುತ್ತದೆ. ಹುಡುಗರು ಅದೇ ಅಳತೆಯ, ಅದೇ ಅಕ್ಷರದ ಅಣಕಪಟ್ಟಿಯೊಂದನ್ನು ಬೇರೆ ಊರಿನಲ್ಲಿ ಅಚ್ಚು ಹಾಕಿಸಿ ಬೆಂಚುಗಳ ಮೇಲೆ ಮೊದಲೇ ಇಟ್ಟಿರುತ್ತಾರೆ. ಇದು ನಮ್ಮಜ್ಜನ ಕಾಲದಿಂದ ಬಂದದ್ದು. ಯಾರ ಹೆಸರೂ ಇರುವುದಿಲ್ಲ, ಯಾರನ್ನೂ ಬಿಡುವುದಿಲ್ಲ. ಈ ಸಲದ ಅಣಕಪಟ್ಟಿಯಲ್ಲಿ ನಾನು 'ತಲೆಗಿಂತ ಟೋಪಿ ಬುದ್ಧಿವಂತ' ಎಂಬ ವಿಷಯದ ಮೇಲೆ ಭಾಷಣ ಮಾಡುವವನು. ನಕ್ಕು ಸುಮ್ಮನಾದೆ. ಥೆರಾನ್‌ನದು ತೆಳು ಚರ್ಮ. ಅವನು ಮನೆಗೆ ಹೋದನೆಂದು ಕೇಳಿ ನನಗೂ ಬೇಸರವಾಯಿತು.

ಎನೋಸ್‌ನ ವಿಷಯದಲ್ಲಿ ಕಾಲೇಜು ದುಡುಕಿದೆ ಎಂದು ನಾನು ಹೇಳಲಾರೆ. ಅವನು ಊರಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಾನೆ, ಬೆರಳ ತುಂಬ ಮಸಿ. ಅದೂ ಅಲ್ಲದೆ, ಬಾಸ್ಟನ್ನಿನಿಂದ ಬಂದ ಪ್ರೊಫೆಸರ್ ಡನ್‌ಹ್ಯಾಮ್ ಅಲಂಕಾರಶಾಸ್ತ್ರ ಕಲಿಸುವವರು. ಅವರ ಕಿವಿ ಬಹಳ ಸೂಕ್ಷ್ಮ. ಆ ಪದ್ಯದ ಒಂದು ಪ್ರಾಸ ನಮ್ಮ ಕಣಿವೆಯ ಹಳ್ಳಿಯ ಉಚ್ಚಾರಕ್ಕೆ ಮಾತ್ರ ಕೂಡುತ್ತದೆ ಎಂದು ಅವರು ತೋರಿಸಿಕೊಟ್ಟರು. ಮಂದಿರದಲ್ಲಿ ಕಾಲೇಜಿನ ಅಧ್ಯಕ್ಷ ಡಾಕ್ಟರ್ ಲೇತ್ರಪ್ ಕೇಳಿದಾಗ ಎನೋಸ್ "ನಾನಲ್ಲ ಸಾರ್" ಎಂದ. ಅಷ್ಟೇ. ಅದಕ್ಕಿಂತ ಹೆಚ್ಚು ಮಾತಾಡದವನ ಪರವಾಗಿ ಬೇರೆಯವರು ಏನು ಮಾತಾಡಬೇಕು?

ಅಪ್ಪನಿಗೆ ನಮಸ್ಕಾರ. ಮೇಪಲ್ ಸಕ್ಕರೆ ಈ ಸಲ ಹೇಗಾಯಿತು? ಒಂದು ಗಟ್ಟಿ ಕಳಿಸು.

ಎಲ್. ಎಫ್. ಪೆಟಿಬೋನ್

*

ಟ್ಯಾನರ್ಸ್ ಹಾಲೋ
ಏಪ್ರಿಲ್ ೨೭

ಲೂಸಿಯಸ್,

ಸಕ್ಕರೆ ಕಳಿಸಿದ್ದೇನೆ.

ಎಲ್. ಎಫ್. ಪೆಟಿಬೋನ್ ಎಂಬುವರು ಯಾರೋ ನನಗೆ ಪತ್ರ ಬರೆದಿದ್ದರು. ಅವರಿಗೂ ನಮಸ್ಕಾರ ತಿಳಿಸು.

ಮೊನ್ನೆ ಇಸ್ತ್ರಿ ಮಾಡುತ್ತಿದ್ದಾಗ ಕತ್ರೀನಾ ಆ ಅಣಕಪಟ್ಟಿಯ ಹಾಳೆಯನ್ನು ತಂದಳು. ಹಾಳೆ ಏನೆಂದು ನನಗೆ ಓದಿ ಹೇಳು ಎಂದಳು. ಅವಳಿಗೆ ಡಚ್ ಬೈಬಲ್ ಬಿಟ್ಟರೆ ಬೇರೆ ಅಕ್ಷರ ಅಷ್ಟಕ್ಕಷ್ಟೆ. ನಾನು ಗಟ್ಟಿಯಾಗಿ ಓದಿದೆ. ಗ್ರೀಕ್ ಕಲಿಸುವವರ ಪೂರ್ವಜರು ಟ್ರಾಯ್ ನಗರದ ಮರದ ಕುದುರೆಯೊಳಗೆ ನಿದ್ದೆಹೋಗಿ ಇಳಿಯುವುದನ್ನೇ ಮರೆತವರಂತೆ. ಡಾಕ್ಟರ್ ಲೇತ್ರಪ್ ಅವರ ಉಪದೇಶ ಎಷ್ಟು ಉದ್ದವೆಂದರೆ ಬೈಬಲ್ಲಿನ ಮೊದಲ ಪುಸ್ತಕಕ್ಕೆ ಕೂತವರು ಕೊನೆಯ ಪುಸ್ತಕದ ಹೊತ್ತಿಗೆ ಗಡ್ಡ ಬಿಟ್ಟಿರುತ್ತಾರಂತೆ. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಕ್ಕೆ. ನಗುತ್ತಲೇ ಐದನೆಯ ಭಾಷಣಕ್ಕೆ ಬಂದೆ.

ಟಿ. ಬೀಬಿ. ವಿಷಯ: ವ-ವ-ವಾಗ್ಮಿತೆ.

ಗ್ರೀಕನ ಹಾಗೆ ನುಡಿಯುವ ಆಸೆಗೆ ಬೀಬಿಗೆ ಗುರುವೇ ಕ್ರಿಕ್ಕು,
ಬಾಯಿಯ ತುಂಬ ಬೆಣಚಿನ ಕಲ್ಲು, ನಡುನಡುವೊಂದು ಬಿಕ್ಕು;
ಒಂದೊಂದಕ್ಷರ ಒಂದೊಂದು ಕಲ್ಲು, ನಾಲಿಗೆಯೆಲ್ಲ ಸಿಕ್ಕು,
ಕೇಳಲು ಬಂದ ಮೀನುಗಳೆಲ್ಲ ಹಿಡಿದವು ಬೇರೆ ದಿಕ್ಕು!

ಮೀನಿನ ಸಾಲಿಗೆ ನಾನು ನಕ್ಕೆ, ಲೂಸಿಯಸ್. ಇದನ್ನು ನಿನಗೆ ಹೇಳಲೇಬೇಕು. ಥೆರಾನ್‌ನ ಹೆಸರು ಬಾಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ನಕ್ಕೆ. ಪದ್ಯ ಚೆನ್ನಾಗಿದೆ. ಕಟ್ಟಿದವನ ಕೈ ಪಳಗಿದೆ. ಯಾರಿಗೂ ನೋವು ಮಾಡದ ಪದ್ಯವಾಗಿದ್ದರೆ ನಾನೇ ನಮ್ಮ ವಾರಪತ್ರಿಕೆಗೆ ಕಳಿಸುತ್ತಿದ್ದೆ.

ಕತ್ರೀನಾ ನಗಲಿಲ್ಲ.

"ಇದ್ರಲ್ಲಿ ನಗೋದು ಏನಿದೆಯೇ? ಕ್ರಿಕ್ಕು ಅಂದ್ರೆ ನೀವು ಕೆಳಗಿನೋರು ಹೇಳೋದು, ನಮ್ಮ ಕಿಲ್ ಅಲ್ವಾ?" ಎಂದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಬೀಬಿಗೆ ಗುರುವೇ ಕಿಲ್ಲು... ಬಾಯಲ್ಲಿ ಒಂದು ಬಿಕ್ಕು... ಊಹೂಂ. ಕೂಡೋದೇ ಇಲ್ವಲ್ಲ" ಎಂದಳು.

ಅವಳು ಅಂದದ್ದು ಅಷ್ಟೆ. ಯಾವ ಮರ್ಮವನ್ನೂ ಇಟ್ಟುಕೊಂಡು ಅಂದದ್ದಲ್ಲ. ಆದರೆ ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯ ಕೆಳಗೆ ನಿಮ್ಮಪ್ಪನ ಭಾನುವಾರದ ಅಂಗಿ ಕಂದಿತು.

ನಿಮ್ಮ ಪ್ರೊಫೆಸರರ ಕಿವಿ ಸೂಕ್ಷ್ಮವೇ ಇರಬಹುದು, ಆದರೆ ಅದು ಬಾಸ್ಟನ್ನಿನ ಕಿವಿ. ಅಲ್ಲಿಂದ ಬಂದವರಿಗೆ ಈ ಕಣಿವೆಯವರೆಲ್ಲ ಒಂದೇ ಥರ ಕಾಣುತ್ತಾರೆ, ಒಂದೇ ಥರ ಕೇಳಿಸುತ್ತಾರೆ. ನಿನಗೆ ಮಾತ್ರ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಡ್ಡದ ಮೇಲಿನ ಡಚ್ಚರ ಮನೆಯಲ್ಲಿ ಹುಟ್ಟಿದ ಮಗು ಆ ನೀರಿಗೆ ಕಿಲ್ ಎನ್ನುತ್ತದೆ. ವ್ರೂಮನ್ ಮುದುಕನ ಎದುರು ಯಾರಾದರೂ ಕ್ರಿಕ್ ಅಂದರೆ ಊಟ ಬಿಟ್ಟು ಏಳುತ್ತಿದ್ದ. ಕನೆಟಿಕಟ್ಟಿನಿಂದ ಬಂದು ಕೆಳಗೆ ನೆಲೆಸಿದ ನಾವು ಕ್ರಿಕ್ ಎನ್ನುತ್ತೇವೆ. ಕಾಲೇಜಿನವರು ಕ್ರೀಕ್ ಎನ್ನುತ್ತಾರೆ. ಕ್ರಿಕ್ಕಿಗೂ ಕ್ರೀಕಿಗೂ ಕಾಗದದ ಮೇಲೆ ಅಕ್ಷರ ಒಂದೇ, ಬಾಯಲ್ಲಿ ಮಾತ್ರ ಬೇರೆ. ಹರಿಯುವುದು ಒಂದೇ ನೀರು. ಆದರೆ ಪ್ರಾಸ ಹುಡುಕುವವನ ಕಿವಿಗೆ ಮೊದಲು ಬರುವುದು ತಾಯಿಯ ಮಾತು. ಇದನ್ನು ನಿನಗೆ ಕಲಿಸಿದವಳೇ ನಾನು. ಬಟ್ಟೆ ಒಗೆಯುತ್ತಾ ನಾನು ಒಂದು ಮಾತು ಅಂದರೆ ಕಲ್ಲಿನ ಮೇಲೆ ಕೂತು ನೀನು ಇನ್ನೊಂದು ಜೋಡಿಸುತ್ತಿದ್ದೆ.

ಬೆಣಚುಕಲ್ಲಿನ ವಿಷಯ. ಪುರಾತನ ಕಾಲದ ಗ್ರೀಕನೊಬ್ಬ ಹಾಗೆ ಮಾಡಿ ತೊದಲು ಬಿಡಿಸಿಕೊಂಡ ಎಂದು ಓದಿ, ಥೆರಾನ್ ಅದನ್ನು ಮಾಡಿ ನೋಡಿದ್ದು ನಮ್ಮ ಹಿತ್ತಲಲ್ಲಿ. ಯಾರೂ ನೋಡಬಾರದೆಂದು ಅಲ್ಲೇ ಮಾಡಿದ. ಆ ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು ಬಟ್ಟಲಲ್ಲಿ ಹಾಕಿಕೊಟ್ಟವಳು ನಾನು. ಎನೋಸ್ ಆ ವಾರವೆಲ್ಲ ಗುಡ್ಡದ ಮೇಲೆ ಹುಲ್ಲು ಕೊಯ್ಯುತ್ತಿದ್ದ.

ನಿನ್ನೆ ಚರ್ಚಿನ ಅಂಗಳದಲ್ಲಿ ಎನೋಸ್ ಸಿಕ್ಕ. "ಆ ಹಾಳೆ ಓದಿದಾಗ ನಿನಗೆ ಏನೂ ಅನ್ನಿಸಲಿಲ್ಲವೇನೋ?" ಎಂದು ಕೇಳಿದೆ. ಅವನು ಟೋಪಿ ತಿರುಗಿಸುತ್ತಾ ನಿಂತ. "ಅನ್ನಿಸ್ತು, ಹೆಪ್ಸಿ ಅತ್ತೆ. ಆದ್ರೆ ಅದು ನಾನು ಹೇಳೋ ಮಾತಲ್ಲ" ಎಂದ. ಕಾಲೇಜಿಲ್ಲದ ಈ ವರ್ಷ, ಶರತ್ಕಾಲದಿಂದ ಅವನಿಗೆ ಕೆಳಗಿನ ಶಾಲೆಯ ಮಾಸ್ತರಿಕೆ ಆಗಬೇಕಿತ್ತು. ಶಾಲೆಯ ಸಮಿತಿಯವರು, ಕುಂಟರನ್ನು ಕುರುಡರನ್ನು ಆಡಿಕೊಳ್ಳುವವನ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದು ಕೇಳುತ್ತಿದ್ದಾರೆ. ಕೇಳುವುದು ನ್ಯಾಯವೇ. ತಪ್ಪು ಹುಡುಗನನ್ನು ಕೇಳುತ್ತಿದ್ದಾರೆ, ಅಷ್ಟೆ.

ಕ್ರಿಸ್‌ಮಸ್ ಊಟದ ದಿನ ನಾನು "ಕ್ರಿಕ್ ಈ ಸಲ ತಳದವರೆಗೂ ಹೆಪ್ಪುಗಟ್ಟಿದೆ" ಎಂದೆ. ನೀನು ಚಾಕು ಕೆಳಗಿಟ್ಟು, "ಕ್ರೀಕ್, ಅಮ್ಮ. ಇ ಅಲ್ಲ, ಈ" ಎಂದೆ. ನಿಮ್ಮಪ್ಪ "ಏನಂತ ಕರೆದ್ರೂ ನನ್ನ ಮಿಲ್ಲಿನ ಗರಗಸ ತಿರುಗಿಸುತ್ತಲ್ಲ, ಬಿಡೋ" ಎಂದರು. ಮುಂದಿನ ಭಾನುವಾರ ಪಾದ್ರಿಗಳ ಹೆಂಡತಿಯ ಎದುರು ನಾನು ಕ್ರೀಕ್ ಎಂದೆ. ಆಕೆ "ಏನಂದ್ರಿ?" ಎಂದು ಮತ್ತೆ ಕೇಳಿದರು. ಇನ್ನೊಮ್ಮೆ ಹೇಳಲು ನಾಲಿಗೆ ಏಳಲಿಲ್ಲ.

ನಾನು ನಿನ್ನನ್ನು ಕೇಳುತ್ತಿರುವುದು ಒಂದೇ. ಆ ನೀರಿಗೆ ನೀನು ಏನೆನ್ನುತ್ತೀ?

ತಾಯಿ

*

ಆಲ್ಡನ್‌ಬರೋ
ಮೇ ೫

ಅಮ್ಮ,

ಪರೀಕ್ಷೆಗಳು ಹತ್ತಿರ ಬಂದಿವೆ, ಉದ್ದ ಬರೆಯಲು ಹೊತ್ತಿಲ್ಲ. ಸಕ್ಕರೆ ತಲುಪಿತು. ಕ್ಲಬ್ಬಿನವರು ಒಂದೇ ಊಟಕ್ಕೆ ಮುಗಿಸಿದರು.

ಒಂದು ಸಂತೋಷದ ಸುದ್ದಿ. ಜೂನ್ ಇಪ್ಪತ್ತನಾಲ್ಕರ ಬುಧವಾರ, ಪದವಿ ಪ್ರದಾನದ ವಾರದಲ್ಲಿ, ನಮ್ಮ ಸಾಹಿತ್ಯ ಸಂಘದ ವಾರ್ಷಿಕೋತ್ಸವಕ್ಕೆ ನನ್ನನ್ನು ಕವಿಯಾಗಿ ಆರಿಸಿದ್ದಾರೆ. ಮೂರನೆಯ ವರ್ಷದವನಿಗೆ ಈ ಗೌರವ ಇಲ್ಲಿಯವರೆಗೆ ಸಿಕ್ಕಿಲ್ಲ. ಡಾಕ್ಟರ್ ಲೇತ್ರಪ್ ಪಕ್ಕದಲ್ಲೇ ಕೂತಿರುತ್ತಾರೆ. ನೀನೂ ಅಪ್ಪನೂ ಬರಬೇಕೆಂದು ನನ್ನ ಆಸೆ.

ಉಳಿದ ವಿಷಯ. ಒಂದು ಸ್ವರದ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಬೇಡ. ಎನೋಸ್ ಚಿಕ್ಕಂದಿನಿಂದ ನಮ್ಮ ಮನೆಗೆ ಬಂದು ಹೋಗಿದ್ದಾನೆ. ಆ ಮಾತನ್ನು ನಿನ್ನ ಬಾಯಿಂದಲೇ ಕೇಳಿ ಕಲಿತಿರಬಹುದು. ದಯವಿಟ್ಟು ಇಲ್ಲಿ ಯಾರಿಗೂ ಬರೆಯಬೇಡ. ಥೆರಾನ್‌ಗಂತೂ ಬೇಡ.

ಎಲ್.

*

ಈಸ್ಟ್ ಪಾಮರ್ಟನ್, ಪಾದ್ರಿಗಳ ಮನೆ
ಮೇ ೧೬

ಪೂಜ್ಯ ಪೆಟಿಬೋನ್ ಅಮ್ಮನವರಿಗೆ,

ನಿಮ್ಮ ಪತ್ರ ನನಗೂ ನನ್ನ ತಂದೆಯವರಿಗೂ ಬಹಳ ಸಮಾಧಾನ ಕೊಟ್ಟಿತು. ನಿಮ್ಮ ಹಾಳೆಗಳ ನಡುವೆ ಒಂದು ಬಿಳಿಯ ಬೆಣಚುಕಲ್ಲು ಇತ್ತು. ಮೊದಲು ತಪ್ಪಾಗಿ ಸೇರಿಕೊಂಡಿರಬೇಕು ಎಂದುಕೊಂಡೆ. ನಿಮ್ಮನ್ನು ಬಲ್ಲೆನಾದ್ದರಿಂದ ಆಮೇಲೆ ಹಾಗೆ ಅಂದುಕೊಳ್ಳಲಿಲ್ಲ. ಈಗ ಅದು ನನ್ನ ಮೇಜಿನ ಮೇಲಿದೆ. ಬಾಯಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ. ಅದರಿಂದ ಮಾತು ಸರಿಹೋಗಲಿಲ್ಲ, ಹಲ್ಲು ಮಾತ್ರ ಸ್ವಲ್ಪ ಸವೆಯಿತು.

ಕಾಗದದ ಮೇಲೆ ನಾನು ತೊದಲುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅದರಿಂದ ಪತ್ರಗಳನ್ನು ಅಗತ್ಯಕ್ಕಿಂತ ಉದ್ದ ಬರೆಯುವ ಚಟ ಹತ್ತಿದೆ. ಕ್ಷಮಿಸಿ.

ಆ ಸಂಜೆ ಏನಾಯಿತೆಂದು ಕೇಳಿದ್ದೀರಿ. ನನ್ನ ಸರದಿ ಬರುವ ಹೊತ್ತಿಗೆ ಎಲ್ಲರೂ ಹಾಳೆ ಓದಿಯಾಗಿತ್ತು, ನಾನು ಮಾತ್ರ ಓದಿರಲಿಲ್ಲ. ಮೊದಲ ವಾಕ್ಯ ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ ಸಿಕ್ಕಿಕೊಂಡೆ. ನಿಂತು ಉಸಿರು ತೆಗೆದುಕೊಂಡರೆ ಅದು ಬಿಟ್ಟುಕೊಳ್ಳುತ್ತದೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಆದರೆ ಅಷ್ಟರಲ್ಲಿ ಹಿಂದಿನ ಬೆಂಚುಗಳಲ್ಲಿ ಯಾರೋ ಕಪ್ಪೆಯ ಹಾಗೆ "ಕ್ರಿಕ್ಕು" ಎಂದರು. ಇನ್ನೊಂದು ಕಡೆಯಿಂದ "ಬಿಕ್ಕು" ಬಂತು. ಆಮೇಲೆ ಕಾಲು ಬಡಿತ. ಹೆಂಗಸರೂ ನಕ್ಕರು. ಅವರನ್ನು ನಾನು ದೂರುವುದಿಲ್ಲ, ಎಲ್ಲರೂ ನಗುವಾಗ ನಗು ತಡೆಯುವುದು ಕಷ್ಟ. ನನ್ನ ತಾಯಿ ಮೂರನೆಯ ಬೆಂಚಿನಲ್ಲಿ ಕೂತಿದ್ದರು. ಅವರ ಕೈಯಲ್ಲೂ ಆ ಹಾಳೆ ಇತ್ತು.

ಲೂಸಿಯಸ್ ಮುಂದೆಯೇ ಕೂತಿದ್ದ. ಅಷ್ಟು ಜನರಲ್ಲಿ ನಗದೆ ಇದ್ದವನು ಅವನೊಬ್ಬನೇ. ಅವತ್ತು ಅದು ನನಗೆ ಬಹಳ ಸಮಾಧಾನ ಕೊಟ್ಟಿತ್ತು.

ಅದನ್ನು ಬರೆದವರು ಯಾರೆಂದು ನೀವು ಕೇಳಲಿಲ್ಲ. ಕೇಳದೆ ಇದ್ದುದಕ್ಕೆ ನಿಮಗೆ ಋಣಿ. ಎನೋಸ್ ಅಲ್ಲ ಎಂದು ನಾನು ಡಾಕ್ಟರ್ ಲೇತ್ರಪ್ ಅವರಿಗೆ ಬರೆದೆ. ಕ್ಷಮಾಗುಣ ದೊಡ್ಡದು, ಆದರೆ ಅದು ಸಾಕ್ಷಿಯಾಗುವುದಿಲ್ಲ ಎಂದು ಉತ್ತರ ಬಂತು. ಬೇರೆ ಹೆಸರು ಹೇಳಲು ನನ್ನಿಂದ ಆಗಲಿಲ್ಲ.

ಕಾಲೇಜಿಗೆ ಮರಳುವುದಿಲ್ಲ. ಭಾನುವಾರಗಳಲ್ಲಿ ತಂದೆಯವರ ಚರ್ಚಿನಲ್ಲಿ ಬೈಬಲ್ಲಿನ ಪಾಠ ಗಟ್ಟಿಯಾಗಿ ಓದುತ್ತಿದ್ದೇನೆ. ಇಲ್ಲಿನ ರೈತರು ನಾನು ಓದಿ ಮುಗಿಸುವವರೆಗೂ ಕಾಯುತ್ತಾರೆ. ಒಬ್ಬ ಮುದುಕ ಮಾತ್ರ ಗಡಿಯಾರ ನೋಡುತ್ತಾನೆ. ತಂದೆಯವರ ಉಪದೇಶಕ್ಕೂ ನೋಡುತ್ತಾನಂತೆ.

ತಮ್ಮ ವಿಧೇಯ,
ಥೆರಾನ್ ಬೀಬಿ

*

ಆಲ್ಡನ್‌ಬರೋ
ಮೇ ೨೯

ಅಮ್ಮ,

ಥೆರಾನ್‌ನ ಪತ್ರವನ್ನು ನೀನು ಹಾಗೆಯೇ, ಒಂದು ಮಾತೂ ಸೇರಿಸದೆ ನನಗೆ ಕಳಿಸಿದೆ. ಏನಾದರೂ ಬರೆದಿದ್ದರೆ ಅದಕ್ಕೆ ಉತ್ತರ ಕೊಡಬಹುದಿತ್ತು.

ಕ್ರಿಕ್. ನಾನು ಅದಕ್ಕೆ ಕ್ರಿಕ್ ಎನ್ನುತ್ತೇನೆ.

ಅಣಕಪಟ್ಟಿ ಬರೆಯಲು ಆರು ಜನ ಕೂತಿದ್ದೆವು. ಐದನೆಯ ಭಾಷಣಕ್ಕೆ ಏನೂ ಹೊಳೆಯಲಿಲ್ಲ. "ಪೆಟಿ, ನೀನು ಅವನ ಜತೆಗಾರ ಅಲ್ವೇನೋ? ಏನಾದ್ರೂ ಕೊಡೋ ಮಾರಾಯ" ಎಂದರು. ನಾನು ಕಲ್ಲಿನ ವಿಷಯ ಹೇಳಿದೆ. ಅವರು ನಕ್ಕರು. ಅಮ್ಮ, ಮೂರು ವರ್ಷದಿಂದ ಅವರೆಲ್ಲ ನನ್ನ ಕೋಟಿಗೆ, ನನ್ನ ಊರಿಗೆ, ನಾನು ಚಾಕು ಹಿಡಿಯುವ ರೀತಿಗೆ ನಕ್ಕಿದ್ದಾರೆ. ನಾನು ಹೇಳಿದ್ದಕ್ಕೆ ನಕ್ಕದ್ದು ಅದೇ ಮೊದಲು. ನಿಂತ ಕಾಲಲ್ಲೇ ನಾಲ್ಕು ಸಾಲು ಹೇಳಿಬಿಟ್ಟೆ. ಪ್ರಾಸ ಹುಡುಕಲೇ ಇಲ್ಲ, ತಾನಾಗಿ ಬಂತು.

ಅಚ್ಚಾಗಿ ಬಂದಮೇಲೆ ನಮ್ಮ ಆರು ಜನರಲ್ಲಿದ್ದ ಬಾಸ್ಟನ್ನಿನ ಹುಡುಗ ಗಟ್ಟಿಯಾಗಿ ಓದಿದ. "ಕ್ರೀಕು, ಬಿಕ್ಕು? ಇದೆಂಥ ಪ್ರಾಸವಯ್ಯಾ?" ಎಂದ. ಆಮೇಲೆ ಮೂಗಿನಲ್ಲಿ ಎಳೆದು "ಕ್ರಿಕ್ಕೂ" ಎಂದು ಓದಿದ. ಎಲ್ಲರೂ ಇನ್ನೂ ಹೆಚ್ಚು ನಕ್ಕರು. ನನ್ನ ಮುಖ ಕೆಂಪಾಯಿತು. ನನಗೆ ಆಗ ನಾಚಿಕೆಯಾದದ್ದು ಥೆರಾನ್‌ಗಾಗಿ ಅಲ್ಲ. ಆ ಒಂದು ಸ್ವರಕ್ಕಾಗಿ.

ಪ್ರೊಫೆಸರ್ ಡನ್‌ಹ್ಯಾಮ್ ನಮ್ಮ ತರಗತಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಆ ಮೊದಲ ಸಾಲನ್ನು ಓದಿಸಿದರು. ನಾನು ಕ್ರೀಕು ಎಂದು ಓದಿದೆ. ಬಹಳ ಚೆನ್ನಾಗಿ ಓದಿದೆ. ಅವರು ತಲೆದೂಗಿದರು. ಎನೋಸ್ ಮೊಳೆ ಜೋಡಿಸುವವನು, ಕಣ್ಣೆದುರು ಏನಿದೆಯೋ ಅದನ್ನೇ ಓದುತ್ತಾನೆ. ಪ್ರಾಸ ಕೂಡಬೇಕಾದರೆ ಕ್ರಿಕ್ಕು ಎನ್ನಬೇಕು ಎಂದುಕೊಂಡು ಹಾಗೇ ಓದಿದ. ಅಲ್ಲಿಗೆ ಮುಗಿಯಿತು. ನಾನು ಸುಳ್ಳು ಹೇಳಲಿಲ್ಲ, ಅಮ್ಮ. ಯಾರೂ ಕೇಳಲೂ ಇಲ್ಲ. ಒಂದು ಅಕ್ಷರವನ್ನು ಉದ್ದ ಮಾಡಿದೆ, ಅಷ್ಟೆ.

ಎನೋಸ್‌ಗೂ ಥೆರಾನ್‌ಗೂ ಇವತ್ತೇ ಬರೆಯುತ್ತೇನೆ. ಎಲ್ಲವನ್ನೂ ಒಪ್ಪಿಕೊಂಡು ಬರೆಯುತ್ತೇನೆ. ಇನ್ನು ಇಂಥ ಪದ್ಯ ಕಟ್ಟುವುದಿಲ್ಲ. ಆದರೆ ಜೂನ್ ಮುಗಿಯುವವರೆಗೆ ತಡೆ, ಇಷ್ಟು ಮಾತ್ರ ಬೇಡಿಕೊಳ್ಳುತ್ತೇನೆ. ವಾರ್ಷಿಕೋತ್ಸವದ ಪದ್ಯ ಮುಗಿದಿದೆ, ಅಚ್ಚಿಗೂ ಹೋಗಿದೆ. ಅದಾದಮೇಲೆ ನಾನೇ ಡಾಕ್ಟರ್ ಲೇತ್ರಪ್ ಅವರ ಮನೆಗೆ ಹೋಗಿ, ಅವರೊಬ್ಬರಿಗೇ ಹೇಳುತ್ತೇನೆ.

ನಿಮ್ಮ ಮುಖಕ್ಕೆ ಮಸಿ ಬಳಿದೆ. ಅಪ್ಪನಿಗೆ ಹೇಳಬೇಡ.

ನಿನ್ನ
ಲೂಸಿಯಸ್

*

ಟ್ಯಾನರ್ಸ್ ಹಾಲೋ
ಜೂನ್ ೮

ಮಗಾ,

ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ನಾನು ಈ ಮನೆಯಲ್ಲಿ ಅವರಿಂದ ಏನನ್ನೂ ಮುಚ್ಚಿಟ್ಟವಳಲ್ಲ, ಈಗ ಶುರುಮಾಡುವುದೂ ಇಲ್ಲ. ಅವರು ಮಿಲ್ಲಿಗೆ ಹೋಗಿ, ಕೊಯ್ಯಲು ದಿಮ್ಮಿಯೇ ಇಲ್ಲದ ಗರಗಸವನ್ನು ಬಹಳ ಹೊತ್ತು ಓಡಿಸಿದರು. ಊಟಕ್ಕೆ ಬಂದು ಅಂದದ್ದು ಇಷ್ಟು: "ಅವನಿಗೆ ಹೇಳು. ಆ ಬೆಣ್ಣೆ ಹುಡ್ಗ ಮಾತು ಮುಗಿಸಿದ ಮೇಲೇ ಬೆಣ್ಣೆ ಮುಟ್ಟಿದ್ದು."

ನೀನು ಒಪ್ಪಿಕೊಂಡದ್ದಕ್ಕೆ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಸ್ವಲ್ಪ ಮಾತ್ರ. ನಾಚಿಕೆ ಇಳಿಯಲಿಲ್ಲ. ಕತ್ರೀನಾ ದಾರಿಯಲ್ಲಿ ಸಿಕ್ಕರೆ ನಾನು ಮೊದಲು ಮಾತಾಡಿಸುತ್ತಿದ್ದೆ. ಈಗ ಅವಳು ಮಾತಾಡಿಸುವವರೆಗೆ ಬುಟ್ಟಿಯೊಳಗೆ ಏನೋ ಹುಡುಕುತ್ತಾ ನಿಲ್ಲುತ್ತೇನೆ. ಆ ಹಾಳೆ ಅವಳ ಎದುರಿಗೆ ನನ್ನ ಕೈಯಲ್ಲಿತ್ತು, ನಗು ನನ್ನ ಬಾಯಲ್ಲಿತ್ತು.

ನಿನ್ನ ಪತ್ರ ಎನೋಸ್‌ಗೆ ತಲುಪಿದೆ. ಅವನು ಅದನ್ನು ಯಾರಿಗೂ ತೋರಿಸಿಲ್ಲ, ತೋರಿಸುವವನೂ ಅಲ್ಲ. ಅದು ನಿನಗೆ ಗೊತ್ತಿದ್ದೇ ಬರೆದೆ. ಥೆರಾನ್ ಕೂಡ ತೋರಿಸುವುದಿಲ್ಲ. ಡಾಕ್ಟರ್ ಲೇತ್ರಪ್ ಅವರೂ ಕಾಲೇಜಿನ ಮರ್ಯಾದೆಗೆ ಅಂಜಿ ನೀನು ಹೇಳಿದ್ದನ್ನು ಮೇಜಿನ ಒಳಗೆ ಇಟ್ಟು ಬೀಗ ಹಾಕುತ್ತಾರೆ. ಒಳ್ಳೆಯವರು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ ನಡೆಯುವ ಪಶ್ಚಾತ್ತಾಪ ಎಂಥದ್ದು, ಲೂಸಿಯಸ್? ಅಷ್ಟರಲ್ಲಿ ಶಾಲೆಯ ಸಮಿತಿ ಬೇರೆ ಮಾಸ್ತರನನ್ನು ಗೊತ್ತು ಮಾಡುತ್ತದೆ. ಎನೋಸ್ ಈ ಕಣಿವೆಯಲ್ಲಿ ಬದುಕಿರುವವರೆಗೂ, ತೊದಲುವ ಹುಡುಗನನ್ನು ಅಳಿಸಿದವನು ಎಂದೇ ಹೆಸರಾಗುತ್ತಾನೆ.

ಥೆರಾನ್‌ನನ್ನು ನೀವು ಗುಟ್ಟಾಗಿ ನಗೆಪಾಟಲು ಮಾಡಲಿಲ್ಲ. ಎನೋಸ್‌ನನ್ನು ಗುಟ್ಟಾಗಿ ಹೊರಹಾಕಲಿಲ್ಲ. ಮಂದಿರದ ನಡುವೆ, ದೀಪ ಹಚ್ಚಿ, ಊರು ಕರೆದು ಮಾಡಿದಿರಿ. ಅದಕ್ಕೆ ಉತ್ತರ ಮಾತ್ರ ಮುಚ್ಚಿದ ಬಾಗಿಲ ಹಿಂದೆ ಯಾಕೆ?

ಜೂನ್ ಇಪ್ಪತ್ತನಾಲ್ಕಕ್ಕೆ ನೀನು ನನ್ನನ್ನು ಕರೆದಿದ್ದೀಯೆ. ಬರುತ್ತೇನೆ. ನಿಮ್ಮಪ್ಪ ಬರುತ್ತಾರೆ. ಕತ್ರೀನಾಳನ್ನೂ ಎನೋಸ್‌ನನ್ನೂ ನಮ್ಮ ಗಾಡಿಯಲ್ಲೇ ಕರೆತರುತ್ತೇನೆ. ಎನೋಸ್ ಒಲ್ಲೆ ಎಂದ. "ಹೆಪ್ಸಿ ಅತ್ತೆ, ಅಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ" ಎಂದ. "ನೋಡ್ಲಿ ಬಿಡೋ. ಅವತ್ತು ಹೊರಡೋ ಹೊತ್ತಿಗೆ ಬೇರೆ ಮುಖ ನೋಡ್ತಿರ್ತಾರೆ" ಎಂದೆ. ಥೆರಾನ್‌ಗೂ ಬರೆದಿದ್ದೇನೆ, ಬರುವುದು ಬಿಡುವುದು ಅವನಿಷ್ಟ. ಮೂರನೆಯ ಬೆಂಚಿನಲ್ಲಿ ಕೂರುತ್ತೇವೆ. ಅವನ ತಾಯಿ ಆ ಹಾಳೆ ಹಿಡಿದುಕೊಂಡು ಕೂತಿದ್ದ ಬೆಂಚು ಅದು.

ಡಾಕ್ಟರ್ ಲೇತ್ರಪ್ ನಿನ್ನ ಹೆಸರು ಕರೆದಾಗ ನೀನು ಎದ್ದು ಮುಂದೆ ಬಾ. ಅಚ್ಚಾದ ಪದ್ಯವನ್ನು ತೆರೆಯುವ ಮೊದಲು, ಆ ನಾಲ್ಕು ಸಾಲು ಕಟ್ಟಿದವರು ಯಾರೆಂದು ಹೇಳು. ಪದ್ಯವನ್ನು ಮತ್ತೆ ಓದಬೇಡ, ಥೆರಾನ್‌ನನ್ನು ಎರಡನೆಯ ಸಲ ಆ ವೇದಿಕೆಗೆ ಎಳೆಯಬೇಡ. ಪ್ರೊಫೆಸರ್ ಡನ್‌ಹ್ಯಾಮ್ ಅವರ ಮುಂದೆ ನೀನು ಯಾವ ಮಾತನ್ನು ಎಳೆದು ಓದಿದೆಯೋ ಅದನ್ನು ಮಾತ್ರ ನಿನ್ನ ಸ್ವಂತ ಬಾಯಲ್ಲಿ ಹೇಳು. ಅವರಿಗೂ ಒಂದಿಷ್ಟು ತಿಳಿಯಲಿ. ಆಮೇಲೆ ಸಭೆಯವರು ನಿನ್ನನ್ನು ಮಾತಾಡಲು ಬಿಟ್ಟರೆ ಪದ್ಯ ಓದು. ಬಿಡದಿದ್ದರೆ ಇಳಿದು ನಮ್ಮ ಹತ್ತಿರ ಬಾ, ಬೆಂಚಿನಲ್ಲಿ ಜಾಗ ಇಟ್ಟಿರುತ್ತೇನೆ.

ನೀನು ಹೇಳದೆ ನೇರವಾಗಿ ಪದ್ಯ ಶುರುಮಾಡಿದರೆ, ಮೊದಲ ಸಾಲಿಗೇ ನಾನು ಎದ್ದು ನಿಲ್ಲುತ್ತೇನೆ. ಹೆಂಗಸರು ಆ ಮಂದಿರದಲ್ಲಿ ಎದ್ದು ಮಾತಾಡಿದ್ದಿಲ್ಲ ಎಂದು ಬಲ್ಲೆ. ಕಪ್ಪೆಗಳು ಮಾತಾಡಿವೆಯಲ್ಲ, ನಾನೂ ಆಡುತ್ತೇನೆ. ಯಾರನ್ನೂ ದೂರುವುದಿಲ್ಲ, ಭಾಷಣ ಮಾಡುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ:

"ಲೂಸಿಯಸ್ ಪೆಟಿಬೋನ್, ನಿಮ್ಮಪ್ಪನ ಮಿಲ್ಲಿನ ಹಿಂದೆ ಹರಿಯೋದಕ್ಕೆ ನಮ್ಮ ಮನೇಲಿ ಏನಂತಾರೆ? ಹಿಂದಿನ ಬೆಂಚಿಗೂ ಕೇಳೋ ಹಾಗೆ ಹೇಳು."

ಇದಕ್ಕೆ ಉತ್ತರವನ್ನು ಪತ್ರದಲ್ಲಿ ಬರೆಯಬೇಡ. ಬಂದರೆ ಒಡೆಯದೆ ವಾಪಸ್ಸು ಕಳಿಸುತ್ತೇನೆ. ಉತ್ತರ ಅಲ್ಲಿ ಕೊಡು, ಎಲ್ಲರೆದುರು.

ತಾಯಿ,
ಹೆಪ್ಸಿಬಾ